ಬ್ರೇಡಿ 20 ವರ್ಷ ಆಡಿದ ತಂಡ ಬಿಟ್ಟಿದ್ದು ಯಾಕೆ? ಅಕ್ಕನ ಮಗ ಕೇಳಿದ ಪ್ರಶ್ನೆ

ಫ್ರೇಮಿಂಗ್‌ಹ್ಯಾಮ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗ ಮಾಸ್ಟರ್ಸ್ ಓದಲು ಊರಿಂದ ಬಂದಿದ್ದಾನೆ. ಕ್ರಿಕೆಟ್ ಬಿಟ್ಟರೆ ಬೇರೆ ಆಟ ನೋಡಿದವನಲ್ಲ. ಹೋದ ಶನಿವಾರ ಒಂದು ಸುತ್ತು ಹೋಗಿ ಬರೋಣ ಅಂತ ಫಾಕ್ಸ್‌ಬರೋಗೆ ಕರೆದುಕೊಂಡು ಹೋದೆ. ಅಲ್ಲಿ ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಆಡುವ ಜಿಲೆಟ್ ಸ್ಟೇಡಿಯಂ ಪಕ್ಕದಲ್ಲಿ ತಂಡದ ಹಳೆಯ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯ ಕಂಚಿನ ಪ್ರತಿಮೆ ಇದೆಯಲ್ಲ, 2025ರ ಆಗಸ್ಟಿನಲ್ಲಿ ನಿಲ್ಲಿಸಿದ್ದು, ಅದರ ಮುಂದೆ ಫೋಟೋ ತೆಗೆಸಿಕೊಂಡ. ಆಮೇಲೆ ಫೋನಿನಲ್ಲಿ ಏನೋ ಓದುತ್ತ ನಿಂತ. ಸ್ವಲ್ಪ ಹೊತ್ತಾದ ಮೇಲೆ ಕೇಳಿದ: "ಮಾಮ, ಈತ ಏಳು ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದಿದ್ದಾನೆ. ಆರು ಇಲ್ಲಿ, ಏಳನೆಯದು ಟ್ಯಾಂಪಾದಲ್ಲಿ. ಇಷ್ಟು ದೊಡ್ಡ ವಿಗ್ರಹ ನಿಲ್ಲಿಸಿದವರು ಆವತ್ತು ಅವನನ್ನು ಯಾಕೆ ಬಿಟ್ಟುಕೊಟ್ಟರು?"

ಮನೆ ತಲುಪುವವರೆಗೂ ಕಾರಿನಲ್ಲಿ ಅದನ್ನೇ ಹೇಳುತ್ತ ಬಂದೆ. ಆದರೂ ಸರಿಯಾಗಿ ಹೇಳಲಿಲ್ಲ ಅನಿಸಿತು. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ದುಡ್ಡಿಗಾಗಿ ಹೋದ ಅನ್ನುವವರಿದ್ದಾರೆ. ನಾನು ಖಂಡಿತ ಒಪ್ಪುವುದಿಲ್ಲ. ದುಡ್ಡಿನ ವಿಷಯದಲ್ಲಿ ಅವನಷ್ಟು ಬಿಟ್ಟುಕೊಟ್ಟ ದೊಡ್ಡ ಆಟಗಾರರು ಕಡಿಮೆ. 2019ರ ಏಪ್ರಿಲ್‌ನಲ್ಲಿ ಸಿಯಾಟಲ್‌ನ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ವರ್ಷಕ್ಕೆ ಸರಾಸರಿ 3.5 ಕೋಟಿ ಡಾಲರ್ ಲೆಕ್ಕದಲ್ಲಿ ಸಹಿ ಹಾಕಿದ. ಆ ವರ್ಷ ಬ್ರೇಡಿಗೆ ಬರಬೇಕಿದ್ದದ್ದು 1.5 ಕೋಟಿ. ಆಗಷ್ಟೇ, ಫೆಬ್ರವರಿಯಲ್ಲಿ, ಆರನೇ ಸೂಪರ್ ಬೌಲ್ ಗೆದ್ದು ಕೊಟ್ಟಿದ್ದವನಿಗೆ.

ಆಮೇಲೆ ಆಗಸ್ಟಿನಲ್ಲಿ ಹೊಸ ಒಪ್ಪಂದ ಆಯಿತು. ಎರಡು ವರ್ಷ ಮುಂದುವರಿಸಿದ್ದಾರೆ ಅಂತ ಸುದ್ದಿ ಬಂತು, ನಾವೆಲ್ಲ ಖುಷಿಪಟ್ಟೆವು. ಪೂರ್ತಿ ಓದಿದಾಗ ಹೊಟ್ಟೆಯಲ್ಲಿ ಕಲಸಿದಂತಾಯಿತು. 2019ಕ್ಕೆ ಮಾತ್ರ ಸಂಬಳ 2.3 ಕೋಟಿಗೆ ಏರಿತ್ತು. 2020 ಮತ್ತು 2021 ಬರೀ ಕಾಗದದ ಮೇಲೆ. ಸೀಸನ್ ಮುಗಿದು ಮಾರ್ಚ್ ಬಂದರೆ ತಾನಾಗಿಯೇ ರದ್ದು. ಜೊತೆಗೆ ಇನ್ನೊಂದು ಷರತ್ತು: ತಂಡ ಅವನ ಮೇಲೆ ಫ್ರಾಂಚೈಸ್ ಟ್ಯಾಗ್ ಹಾಕುವಂತಿಲ್ಲ. ಅದೇ ತಿಂಗಳು ಬ್ರೂಕ್‌ಲೈನ್‌ನ ಮನೆಯನ್ನೂ ಮಾರಾಟಕ್ಕಿಟ್ಟ. ನನ್ನ ಪ್ರಕಾರ ಅವನು ತಂಡ ಬಿಟ್ಟಿದ್ದು 2020ರ ಮಾರ್ಚ್ 17ಕ್ಕಲ್ಲ, ಆ ಆಗಸ್ಟಿನಲ್ಲೇ. ಸೀಸನ್ ಶುರುವಾಗುವ ಮುಂಚೆಯೇ ಇದು ಕೊನೆಯ ವರ್ಷ ಅಂತ ಬಹುಶಃ ಗೊತ್ತಿತ್ತು ಅಂತ ಆಮೇಲೆ ರೇಡಿಯೋದಲ್ಲಿ ಅವನೇ ಹೇಳಿದ.

45ರವರೆಗೂ ಆಡುತ್ತೇನೆ ಅಂತ ಅವನು ವರ್ಷಗಟ್ಟಲೆ ಹೇಳುತ್ತಲೇ ಬಂದಿದ್ದ. ಅಲ್ಲಿಯವರೆಗೂ ನೀನು ನಮ್ಮವನೇ ಅನ್ನುವ ಒಂದು ಮಾತು ಅವನಿಗೆ ಬೇಕಿತ್ತು. ಸಿಕ್ಕಿದ್ದು "ಈ ವರ್ಷ ಆಡು, ಆಮೇಲೆ ನೋಡೋಣ" ಅನ್ನುವ ಉತ್ತರ. 20 ವರ್ಷ ದುಡಿದವನಿಗೆ ಅದಕ್ಕಿಂತ ನೋವು ಯಾವುದಿದೆ? ಇದೇ ಕಾರಣ ಅಂತ ನಾನು ನಂಬಿದ್ದೇನೆ. ನಿಮಗೆ ಏನನಿಸುತ್ತದೆ?

ಪುತ್ತೂರು ಮಲ್ಲಿಗೆ

ತುಂಬ ಚೆನ್ನಾಗಿ ಬರೆದಿದ್ದೀರಿ ಸರ್. ನನಗೆ ಈ ಆಟ ಹೊಸದು, ತಮ್ಮ ಅಮೆರಿಕದಲ್ಲಿ ಇರುವುದರಿಂದ ಈಚೆಗೆ ನೋಡಲು ಶುರುಮಾಡಿದ್ದೇನೆ. ಫ್ರಾಂಚೈಸ್ ಟ್ಯಾಗ್ ಅಂದರೆ ಏನು? ಮತ್ತೆ 11 ಜನ ಆಡುವ ಆಟದಲ್ಲಿ ಒಬ್ಬ ಕ್ವಾರ್ಟರ್‌ಬ್ಯಾಕ್ ಹೋದರೆ ಯಾಕೆ ಇಷ್ಟು ದೊಡ್ಡ ಸುದ್ದಿ?

ಡೆಟ್ರಾಯಿಟ್ ದಿನಗಳು

@ಪುತ್ತೂರು ಮಲ್ಲಿಗೆ, ಮೇಡಂ, ನಾನು ಹೇಳುತ್ತೇನೆ. ದಾಳಿ ಮಾಡುವ ತಂಡದ ಪ್ರತಿ ಆಟವೂ ಕ್ವಾರ್ಟರ್‌ಬ್ಯಾಕ್ ಕೈಯಿಂದಲೇ ಶುರುವಾಗುತ್ತದೆ. ಎದುರಾಳಿಗಳು ಹೇಗೆ ನಿಂತಿದ್ದಾರೆ ಅಂತ ನೋಡಿ, ಬೇಕಾದರೆ ಅಲ್ಲೇ ಯೋಜನೆ ಬದಲಾಯಿಸಿ, ಚೆಂಡು ಕೈಗೆ ಬಂದ ಮೇಲೆ ಎರಡು ಮೂರು ಸೆಕೆಂಡಿನಲ್ಲಿ ಯಾರಿಗೆ ಎಸೆಯಬೇಕು ಅಂತ ನಿರ್ಧರಿಸಬೇಕು. ಎಸೆದ ಚೆಂಡು ಹಿಡಿಯುವವನು ರಿಸೀವರ್. ಕ್ವಾರ್ಟರ್‌ಬ್ಯಾಕ್ ಸರಿ ಇಲ್ಲದಿದ್ದರೆ ಉಳಿದವರು ಎಷ್ಟು ಗಟ್ಟಿ ಇದ್ದರೂ ಕಷ್ಟ.

ಟ್ಯಾಗ್ ಅಂದರೆ, ಒಪ್ಪಂದ ಮುಗಿದ ಆಟಗಾರನನ್ನೂ ನಿಗದಿಯಾದ ಸಂಬಳ ಕೊಟ್ಟು ಇನ್ನೊಂದು ವರ್ಷ ಹಿಡಿದಿಟ್ಟುಕೊಳ್ಳುವ ಹಕ್ಕು. ಅದು ತಂಡದ ಕೈಯಲ್ಲಿರುತ್ತದೆ. ಬ್ರೇಡಿ ಅದನ್ನೇ ಕಿತ್ತುಕೊಂಡ. ಸಹಿ ಹಾಕುವಾಗಲೇ ಬಾಗಿಲು ತೆರೆದಿಟ್ಟುಕೊಂಡ ಅನ್ನಿ.

ನಾನಿರುವುದು ಆನ್ ಆರ್ಬರ್ ಹತ್ತಿರ, ಬ್ರೇಡಿ ಓದಿದ ಮಿಷಿಗನ್ ವಿಶ್ವವಿದ್ಯಾಲಯದ ಊರು. ಇಲ್ಲಿ ಆಡುವಾಗಲೂ ಅವನಿಗೆ ಜಾಗ ಸುಲಭವಾಗಿ ಸಿಗಲಿಲ್ಲ. 2000ದ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, 198 ಜನರನ್ನು ಆರಿಸಿದ ಮೇಲೆ, ಆರನೇ ಸುತ್ತಿನಲ್ಲಿ, 199ನೆಯವನಾಗಿ ಇವನನ್ನು ತೆಗೆದುಕೊಂಡರು. ನನಗೆ ನಿಮ್ಮ ಪ್ರಶ್ನೆಯ ಉತ್ತರ ಅಲ್ಲೇ ಇದೆ ಅನಿಸುತ್ತದೆ. ಬೇಡ ಅನಿಸಿಕೊಂಡು ಬೆಳೆದವನಿಗೆ ಬೇಡ ಅನ್ನುವ ಸುಳಿವು ಬೇಗ ಗೊತ್ತಾಗುತ್ತದೆ.

ಲೆಕ್ಕದ ಮೇಷ್ಟ್ರು

@ಫ್ರೇಮಿಂಗ್‌ಹ್ಯಾಮ್ ಕನ್ನಡಿಗ, ನಿಮ್ಮ ಪ್ರೀತಿ ಅರ್ಥವಾಗುತ್ತದೆ. ಆದರೆ ಕೋಚ್ ಬಿಲ್ ಬೆಲಿಚಿಕ್ ಅವರನ್ನು ಖಳನಾಯಕ ಮಾಡುವುದು ನ್ಯಾಯವಲ್ಲ. ಅವರ ಜಾಗದಲ್ಲಿ ಕೂತು ನೋಡಿ.

ಈ ಲೀಗಿನಲ್ಲಿ ಸಂಬಳಕ್ಕೆ ಮಿತಿ ಇದೆ. 2020ರಲ್ಲಿ ಒಂದು ತಂಡ ಎಲ್ಲ ಆಟಗಾರರಿಗೂ ಸೇರಿ ಖರ್ಚು ಮಾಡಬಹುದಾಗಿದ್ದದ್ದು 19.82 ಕೋಟಿ ಡಾಲರ್. ಒಬ್ಬನಿಗೆ ಜಾಸ್ತಿ ಕೊಟ್ಟರೆ ಇನ್ನಿಬ್ಬರಿಗೆ ಇಲ್ಲ. ಮೊದಲೇ ಕೊಟ್ಟ ದುಡ್ಡಿನ ಲೆಕ್ಕ ಮುಂದಿನ ವರ್ಷಗಳ ಮೇಲೆ ಬೀಳುತ್ತದೆ. ಬ್ರೇಡಿ ಹೋದ ಮೇಲೂ ಅವನ ಹೆಸರಿನಲ್ಲಿ 1.35 ಕೋಟಿ ಡಾಲರ್ 2020ರ ಲೆಕ್ಕದಲ್ಲಿ ಉಳಿದಿತ್ತು. ಅಷ್ಟು ದುಡ್ಡು, ಆಟಗಾರ ಮಾತ್ರ ಇಲ್ಲ.

ಆಗ ಅವನಿಗೆ 42 ವರ್ಷ. 43, 44ರಲ್ಲಿ ಇಡೀ ಸೀಸನ್ ಚೆನ್ನಾಗಿ ಆಡಿದ ಕ್ವಾರ್ಟರ್‌ಬ್ಯಾಕ್ ಅಲ್ಲಿಯವರೆಗೆ ಯಾರೂ ಇರಲಿಲ್ಲ. ಬೆಲಿಚಿಕ್ ಸೂತ್ರ ಎಲ್ಲರಿಗೂ ಗೊತ್ತಿದ್ದದ್ದೇ: ಆಟಗಾರನನ್ನು ಒಂದು ವರ್ಷ ತಡವಾಗಿ ಬಿಡುವುದಕ್ಕಿಂತ ಒಂದು ವರ್ಷ ಮುಂಚೆ ಬಿಡುವುದು ಮೇಲು. 2003ರಲ್ಲಿ ಲಾಯರ್ ಮಿಲಾಯ್, 2009ರಲ್ಲಿ ರಿಚರ್ಡ್ ಸೀಮೋರ್, 2014ರಲ್ಲಿ ಲೋಗನ್ ಮ್ಯಾಂಕಿನ್ಸ್. ಎಲ್ಲರೂ ಅಭಿಮಾನಿಗಳ ಕಣ್ಮಣಿಗಳೇ. ಮೂವರನ್ನೂ ಬಿಟ್ಟರು, ಆ ಮೇಲೂ ತಂಡ ಗೆದ್ದಿತು.

ಇನ್ನೊಂದು ವಿಷಯ. ಬ್ರೇಡಿಗೆ ಆ ಜಾಗ ಸಿಕ್ಕಿದ್ದೂ ಇದೇ ಕೋಚ್ ಕೈಯಿಂದ, ಇದೇ ರೀತಿಯಲ್ಲಿ. 2001ರ ಮಾರ್ಚ್‌ನಲ್ಲಿ ಆಗಿನ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ಲೆಡ್ಸೋಗೆ 10 ವರ್ಷಕ್ಕೆ 10.3 ಕೋಟಿ ಡಾಲರ್ ಒಪ್ಪಂದ ಕೊಟ್ಟರು. ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡದ ವಿರುದ್ಧ ಅವನಿಗೆ ಭಾರೀ ಏಟು ಬಿತ್ತು, ಬ್ರೇಡಿ ಒಳಗೆ ಬಂದ. ಬ್ಲೆಡ್ಸೋ ಗುಣವಾಗಿ ಬಂದಾಗ ಜಾಗ ವಾಪಸ್ ಸಿಗಲಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ಬಫಲೋಗೆ ಕಳಿಸಿಬಿಟ್ಟರು. ಆವತ್ತು ಅದು ಸರಿ ಅಂದ ನಾವು 2020ರಲ್ಲಿ ತಪ್ಪು ಅನ್ನುವುದು ಹೇಗೆ?

ಬೇ ಏರಿಯಾ ಹಳಬ

ಮೇಷ್ಟ್ರೇ, ಬ್ಲೆಡ್ಸೋ ಮಾತು ನಿಜ. ಅದನ್ನು ಯಾರೂ ಅಲ್ಲಗಳೆಯಲಾಗದು.

ನಾನು ಈ ಕಡೆಗೆ ಬಂದದ್ದು 1989ರಲ್ಲಿ. ಆಗ ಸ್ಯಾನ್ ಫ್ರಾನ್ಸಿಸ್ಕೋಗೆ ಜೋ ಮೊಂಟಾನಾ ಅಂದರೆ ದೇವರು. ನಾಲ್ಕು ಸೂಪರ್ ಬೌಲ್. ಆಮೇಲೆ ಮೊಣಕೈ ಕೈಕೊಟ್ಟಿತು. 1991 ಪೂರ್ತಿ ಹೋಯಿತು, 1992 ಹೆಚ್ಚುಕಡಿಮೆ ಪೂರ್ತಿ ಹೋಯಿತು. ಅಷ್ಟರಲ್ಲಿ ಸ್ಟೀವ್ ಯಂಗ್ ಆ ವರ್ಷದ ಶ್ರೇಷ್ಠ ಆಟಗಾರನಾಗಿದ್ದ. 1993ರ ಏಪ್ರಿಲ್‌ನಲ್ಲಿ ಕೊನೇ ಗಳಿಗೆಗೆ ತಂಡ ಮನಸ್ಸು ಬದಲಾಯಿಸಿ, ನೀನೇ ಮೊದಲ ಕ್ವಾರ್ಟರ್‌ಬ್ಯಾಕ್, ಉಳಿದುಕೋ ಅಂದಿತು. ಮೊಂಟಾನಾ ಉಳಿಯಲಿಲ್ಲ, ಕ್ಯಾನ್ಸಸ್ ಸಿಟಿಗೆ ಹೋದ. ನಮ್ಮ ಆಫೀಸಿನಲ್ಲಿ ಆವತ್ತು ಯಾರೂ ಸರಿಯಾಗಿ ಕೆಲಸ ಮಾಡಲಿಲ್ಲ. ನನ್ನ ಪಕ್ಕದ ಮೇಜಿನ ಹಿರಿಯರೊಬ್ಬರು ಕುರ್ಚಿಗೆ ಹಾಕಿಡುತ್ತಿದ್ದ ಕೆಂಪು ಜಾಕೆಟ್ ತೆಗೆದು, ಮಡಚಿ, ಡ್ರಾಯರ್ ಒಳಗಿಟ್ಟರು. ಆ ಸೀಸನ್ ಪೂರ್ತಿ ಅದನ್ನು ಹೊರಗೆ ತೆಗೆಯಲಿಲ್ಲ.

ಇಂಡಿಯಾನಾಪೊಲಿಸ್‌ನ ಪೇಟನ್ ಮ್ಯಾನಿಂಗ್ ಕಥೆ ಇನ್ನೂ ಸಂಕಟದ್ದು. ಕುತ್ತಿಗೆಯ ಶಸ್ತ್ರಚಿಕಿತ್ಸೆಯಿಂದ 2011ರಲ್ಲಿ ಒಂದು ಪಂದ್ಯವೂ ಆಡಲಿಲ್ಲ. ತಂಡ 14 ಪಂದ್ಯ ಸೋತು ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಪಡೆಯಿತು, ಎದುರಿಗೆ ಆಂಡ್ರೂ ಲಕ್ ಇದ್ದ. ಮ್ಯಾನಿಂಗ್‌ಗೆ 2.8 ಕೋಟಿ ಡಾಲರ್ ಬೋನಸ್ ಕೊಡಬೇಕಾದ ದಿನ ಹತ್ತಿರ ಬಂದಾಗ, 2012ರ ಮಾರ್ಚ್‌ನಲ್ಲಿ ಬಿಟ್ಟುಬಿಟ್ಟರು. ಮಾಲೀಕ, ಆಟಗಾರ ಇಬ್ಬರೂ ಪತ್ರಕರ್ತರ ಮುಂದೆ ಅತ್ತರು.

ಈ ಇಬ್ಬರ ಬೆನ್ನಿಗೂ ಒಬ್ಬ ಹುಡುಗ ನಿಂತಿದ್ದ. ಬ್ರೇಡಿಯ ಬೆನ್ನಿಗೆ 2020ರಲ್ಲಿ ಯಾರಿದ್ದರು? ಜಿಮ್ಮಿ ಗರಾಪೊಲೊನನ್ನು 2014ರಲ್ಲಿ ತಂದಿದ್ದು ಆ ಕೆಲಸಕ್ಕೇ. 2017ರ ಅಕ್ಟೋಬರ್ ಕೊನೆಗೆ ಅವನನ್ನು ನಮ್ಮ ಸ್ಯಾನ್ ಫ್ರಾನ್ಸಿಸ್ಕೋಗೆ ಕೊಟ್ಟುಬಿಟ್ಟರು. ಹುಡುಗನನ್ನೂ ಕಳಿಸಿದರು, ಹಿರಿಯನಿಗೂ ಮಾತು ಕೊಡಲಿಲ್ಲ. ನನಗೆ ಇವತ್ತಿಗೂ ಅರ್ಥವಾಗದ್ದು ಇದೇ.

ಟ್ಯಾಂಪಾ ತುಂಗಾ

ನಾನು 2016ರಿಂದ ಟ್ಯಾಂಪಾದಲ್ಲಿದ್ದೇನೆ. ನೀವೆಲ್ಲ ಅವನು ಯಾಕೆ ಬಿಟ್ಟ ಅಂತ ಬರೆದಿರಿ. ಯಾಕೆ ಇಲ್ಲಿಗೇ ಬಂದ ಅಂತಲೂ ನೋಡಬೇಕು, ಅಲ್ವಾ? ಅದರಲ್ಲಿ ಅರ್ಧ ಉತ್ತರ ಇದೆ.

ಇದು 12 ಸೀಸನ್ ಪ್ಲೇಆಫ್, ಅಂದರೆ ಕೊನೆಯ ನಾಕೌಟ್ ಸುತ್ತಿನ, ಮುಖ ನೋಡದಿದ್ದ ತಂಡ. ಗೆಲ್ಲುವ ಊರಲ್ಲ ಅಂತ ನಾವೇ ಒಪ್ಪಿಕೊಂಡಿದ್ದೆವು. 2019ರಲ್ಲಿ ಇಲ್ಲಿನ ಕ್ವಾರ್ಟರ್‌ಬ್ಯಾಕ್ ಜೇಮಿಸ್ ವಿನ್‌ಸ್ಟನ್ 5,000 ಗಜಕ್ಕಿಂತ ಜಾಸ್ತಿ ಎಸೆದ, 33 ಟಚ್‌ಡೌನ್ ಹೊಡೆದ, ಎದುರಾಳಿ ಕೈಗೂ 30 ಸಲ ಕೊಟ್ಟ. ಆದರೆ ಮೈಕ್ ಇವಾನ್ಸ್, ಕ್ರಿಸ್ ಗಾಡ್ವಿನ್ ಅಂಥ ರಿಸೀವರ್‌ಗಳಿದ್ದರು. ಅಡುಗೆಮನೆ ತುಂಬ ಸಾಮಾನು, ಅಡುಗೆಯವರು ಮಾತ್ರ ಬೇಕು ಅನ್ನುವ ಸ್ಥಿತಿ. ಎರಡು ವರ್ಷಕ್ಕೆ 5 ಕೋಟಿ ಡಾಲರ್ ಖಚಿತ ಅಂದರು. ಎರಡು ವರ್ಷ! ಅವನಿಗೆ ಬೇಕಿದ್ದದ್ದು ಅದೇ.

ಕೋಚ್ ಬ್ರೂಸ್ ಏರಿಯನ್ಸ್ ಅವನ ಮಾತು ಕೇಳುತ್ತಿದ್ದರು. ಫಾಕ್ಸ್‌ಬರೋದಲ್ಲಿ ಅವನ ಜೊತೆ ಆಡಿ ನಿವೃತ್ತಿಯಾಗಿದ್ದ ರಾಬ್ ಗ್ರಾಂಕೌಸ್ಕಿ ಏಪ್ರಿಲ್‌ನಲ್ಲಿ ಗೆಳೆಯನಿಗಾಗಿ ವಾಪಸ್ ಬಂದ. ಕೊರೋನಾ ಕಾಲ, ಪಾರ್ಕುಗಳೆಲ್ಲ ಮುಚ್ಚಿದ್ದವು. ಬ್ರೇಡಿ ಒಬ್ಬನೇ ಪಾರ್ಕಿನಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಸಿಬ್ಬಂದಿ ಹೋಗಿ ಹೊರಗೆ ಕಳಿಸಿದರು. ಆ ಸುದ್ದಿ ಓದಿದಾಗ ನನ್ನ ಗಂಡ ಹೇಳಿದ್ದು, "42 ವರ್ಷಕ್ಕೆ ಇಷ್ಟು ಹಸಿವಿರೋನನ್ನ ಯಾರಾದರೂ ಬಿಡ್ತಾರಾ?"

7-5ರಲ್ಲಿ, ಅಂದರೆ ಏಳು ಗೆಲುವು ಐದು ಸೋಲಿನಲ್ಲಿ, ತಡವರಿಸುತ್ತಿದ್ದ ತಂಡ ಆಮೇಲೆ ಒಂದೂ ಸೋಲಲಿಲ್ಲ. 2021ರ ಫೆಬ್ರವರಿ 7ಕ್ಕೆ, ಇದೇ ಊರಿನ ಸ್ಟೇಡಿಯಂನಲ್ಲಿ, ಕ್ಯಾನ್ಸಸ್ ಸಿಟಿ ಮೇಲೆ 31-9. ಮೂರು ದಿನದ ನಂತರ ನದಿಯಲ್ಲಿ ದೋಣಿಗಳ ಮೆರವಣಿಗೆ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹಿಲ್ಸ್‌ಬರೋ ನದಿ ದಂಡೆಯಲ್ಲಿ ನಿಂತಿದ್ದೆ. ಬ್ರೇಡಿ ಒಂದು ದೋಣಿಯಿಂದ ಇನ್ನೊಂದು ದೋಣಿಗೆ ಆ ಬೆಳ್ಳಿ ಟ್ರೋಫಿಯನ್ನೇ ಎಸೆದ ದಿನ ಅದು. ಅಷ್ಟು ಹಗುರವಾಗಿ ನಗುವ ಬ್ರೇಡಿಯನ್ನು ನೀವು ಫಾಕ್ಸ್‌ಬರೋದಲ್ಲಿ ನೋಡಿದ್ದಿರಾ? ನಿಜವಾಗಿ ಕೇಳುತ್ತಿದ್ದೇನೆ.

ಫ್ರೇಮಿಂಗ್‌ಹ್ಯಾಮ್ ಕನ್ನಡಿಗ

@ಟ್ಯಾಂಪಾ ತುಂಗಾ, ಕೊನೆಯ ಎರಡು ವರ್ಷ ನೋಡಿರಲಿಲ್ಲ. ನಿಮ್ಮ ಪ್ರಶ್ನೆ ನನ್ನನ್ನು 2019ಕ್ಕೆ ಕರೆದುಕೊಂಡು ಹೋಯಿತು.

ಆ ಸೀಸನ್ 8-0 ಅಂತ ಶುರುವಾಯಿತು. ಗೆಲ್ಲಿಸುತ್ತಿದ್ದದ್ದು ರಕ್ಷಣೆಯವರು, ಇಡೀ ಲೀಗಿನಲ್ಲಿ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟವರು. ಬ್ರೇಡಿಯ ಕಡೆ ಖಾಲಿ. ಗ್ರಾಂಕೌಸ್ಕಿ ಮಾರ್ಚ್‌ನಲ್ಲೇ ನಿವೃತ್ತಿ ಹೇಳಿದ್ದ. ಬ್ರೇಡಿ ಕೈಗೆ ಚೆಂಡು ಕೊಡುತ್ತಿದ್ದ ಸೆಂಟರ್ ಡೇವಿಡ್ ಆಂಡ್ರೂಸ್ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿ ಇಡೀ ವರ್ಷ ಹೊರಗೆ. ರಿಸೀವರ್ ಆಂಟೋನಿಯೊ ಬ್ರೌನ್ ಒಂದೇ ಪಂದ್ಯ ಆಡಿ ಹೋದ. ಮೊದಲ ಸುತ್ತಿನಲ್ಲಿ ತೆಗೆದುಕೊಂಡ ನಕೀಲ್ ಹ್ಯಾರಿ ಅರ್ಧ ಸೀಸನ್ ಗಾಯದಲ್ಲಿ. ಉಳಿದ ನಂಬಿಕೆಯ ಕೈ ಜೂಲಿಯನ್ ಎಡಲ್ಮನ್ ಒಬ್ಬನೇ. ಅವನೇ ನೂರು ಚೆಂಡು ಹಿಡಿದ.

ಆ ತಂಡದ ಪದ್ಧತಿಯಲ್ಲಿ ರಿಸೀವರ್ ಸುಮ್ನೆ ಓಡಿದರೆ ಸಾಲದು. ಓಡುತ್ತ ಓಡುತ್ತ ಎದುರಾಳಿಯ ನಿಲುವು ನೋಡಿ ದಿಕ್ಕು ಬದಲಾಯಿಸಬೇಕು, ಬ್ರೇಡಿಯೂ ಅದೇ ಕ್ಷಣಕ್ಕೆ ಅದನ್ನೇ ಯೋಚಿಸಿರಬೇಕು. ಹಳೆಯ ಜೊತೆಗಾರರಿಗೆ ಅದು ಕಣ್ಣಸನ್ನೆ. ಹೊಸ ಹುಡುಗರು ಒಂದು ಕಡೆ ತಿರುಗಿದರೆ ಚೆಂಡು ಇನ್ನೊಂದು ಕಡೆ ಹೋಗಿ ಬೀಳುತ್ತಿತ್ತು. ಬ್ರೇಡಿ ಎರಡೂ ಕೈ ಚಾಚಿ ನಿಲ್ಲುತ್ತಿದ್ದ. ಅದನ್ನು ವಾರವಾರ ನೋಡುವುದೇ ಹಿಂಸೆಯಾಗಿತ್ತು.

ಕೊನೆಗೆ 2020ರ ಜನವರಿ 4. ಟೆನೆಸಿ ಮುಂದೆ 14-13. ಅವರು ಒದ್ದ ಚೆಂಡು ಬಂದು ನಮ್ಮ ಒಂದು ಗಜದ ಗೆರೆಯ ಮೇಲೆ ನಿಂತಿತು. ಉಳಿದದ್ದು 15 ಸೆಕೆಂಡು, ದಾಟಬೇಕಾದ್ದು ಹೆಚ್ಚುಕಡಿಮೆ ಇಡೀ ಮೈದಾನ. ಬ್ರೇಡಿ ಗೆರೆಯ ಹಿಂದೆ, ತನ್ನದೇ ಎಂಡ್ ಝೋನಿನೊಳಗೆ ನಿಂತು ರಿಸೀವರ್ ಸಾನು ಕಡೆಗೆ ಎಸೆದ. ತಾಗಿ ಮೇಲೆದ್ದ ಚೆಂಡನ್ನು ಟೆನೆಸಿಯ ಲೋಗನ್ ರಯಾನ್ ಹಿಡಿದು ಗೆರೆ ದಾಟಿದ. ಅದೇ ಲೋಗನ್ ರಯಾನ್ ನಾಲ್ಕು ವರ್ಷ ಬ್ರೇಡಿ ಜೊತೆ ಇದೇ ಮೈದಾನದಲ್ಲಿ ಆಡಿದವನು. 20 ವರ್ಷದ ಕೊನೆಯ ಎಸೆತ ಅದು. ನಾನು ಟಿವಿ ಆರಿಸಲಿಲ್ಲ. ಅವನು ತಲೆ ತಗ್ಗಿಸಿ ಸುರಂಗದೊಳಗೆ ಹೋಗುವವರೆಗೂ ನಿಂತೇ ನೋಡಿದೆ. ಹೆಂಡತಿ ತಟ್ಟೆ ಹಾಕಿ ಕರೆದಳು, ಊಟ ಸೇರಲಿಲ್ಲ.

ಮೇಷ್ಟ್ರೇ, ನಿಮ್ಮ ಲೆಕ್ಕ ಸರಿ. ಬ್ಲೆಡ್ಸೋ ವಿಷಯವೂ ಸರಿ. ಆದರೆ ಬ್ಲೆಡ್ಸೋ ಆ ತಂಡಕ್ಕಾಗಿ ಸಂಬಳ ಬಿಟ್ಟುಕೊಟ್ಟವನಲ್ಲ. ಬ್ರೇಡಿ ವರ್ಷಾನುಗಟ್ಟಲೆ ಕಡಿಮೆ ತೆಗೆದುಕೊಂಡಿದ್ದು ಉಳಿದ ದುಡ್ಡಲ್ಲಿ ಒಳ್ಳೆಯ ಜೊತೆಗಾರರನ್ನು ತರಲಿ ಅಂತ. ಕೊನೆಗೆ ಜೊತೆಗಾರರೂ ಇಲ್ಲ, ನಂಬಿಕೆಯ ಮಾತೂ ಇಲ್ಲ ಅಂದರೆ? ಅವನ ದೇಹ ನೋಡಿಕೊಳ್ಳುತ್ತಿದ್ದ ತರಬೇತುದಾರನನ್ನೂ 2017ರಲ್ಲಿ ತಂಡದ ವಿಮಾನದಿಂದ, ಮೈದಾನದ ಅಂಚಿನಿಂದ ದೂರ ಇಟ್ಟರು ಅಂತ ಸುದ್ದಿಯಾಗಿತ್ತು. ಒಂದೊಂದೂ ಚಿಕ್ಕದು. ಒಟ್ಟು ಸೇರಿದರೆ ಮನಸ್ಸು ಮುರಿಯುತ್ತದೆ.

ಲೆಕ್ಕದ ಮೇಷ್ಟ್ರು

ಸಂಬಳ ಬಿಟ್ಟುಕೊಟ್ಟ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಅದನ್ನು ಒಪ್ಪುತ್ತೇನೆ. ಬೆಲಿಚಿಕ್ ಇನ್ನೊಂದು ವರ್ಷ ಬರೆದು ಕೊಟ್ಟಿದ್ದರೆ ಏನೂ ಮುಳುಗುತ್ತಿರಲಿಲ್ಲ. 2020ರಲ್ಲಿ ತಂಡ 7-9ಕ್ಕೆ ಇಳಿದದ್ದು ನೋಡಿದ ಮೇಲಂತೂ ಹಾಗೇ ಅನಿಸುತ್ತದೆ.

ಆದರೂ ಒಂದು ಮಾತು. ತರಬೇತಿ ಕೋಣೆಯಲ್ಲಿ ವಿಡಿಯೋ ಹಾಕಿ ಎಲ್ಲರ ಮುಂದೆ ಬ್ರೇಡಿಯ ತಪ್ಪು ತೋರಿಸಿ ಬೈಯುತ್ತಿದ್ದರು, ಹೊಸ ಹುಡುಗನಿಗೆ ಬೈದ ಹಾಗೆಯೇ. ಅವನಿಗೇ ಬಿಡಲಿಲ್ಲ ಅಂದ ಮೇಲೆ ನಾವ್ಯಾವ ಲೆಕ್ಕ ಅಂತ ಉಳಿದವರು ಬಾಯಿ ಮುಚ್ಚಿಕೊಂಡು ದುಡಿದರು. ಆರು ಸಲ ಗೆದ್ದದ್ದು ಆ ಶಿಸ್ತಿನಿಂದ. 24ರ ಹುಡುಗ ಅದನ್ನು ನುಂಗಿಕೊಂಡ. 42ಕ್ಕೆ ಮೂರು ಮಕ್ಕಳ ಅಪ್ಪ ನುಂಗಲಿಲ್ಲ. ಕೋಚ್ ಬದಲಾಗಿರಲಿಲ್ಲ, ಬ್ರೇಡಿ ಬೆಳೆದಿದ್ದ.

ಡೆಟ್ರಾಯಿಟ್ ದಿನಗಳು

ನಮ್ಮ ಊರಿನದೂ ಒಂದು ಹೇಳಿಬಿಡುತ್ತೇನೆ. ಮ್ಯಾಥ್ಯೂ ಸ್ಟಾಫರ್ಡ್ 12 ಸೀಸನ್ ಡೆಟ್ರಾಯಿಟ್‌ಗೆ ಆಡಿ ಒಂದು ಪ್ಲೇಆಫ್ ಪಂದ್ಯವನ್ನೂ ಗೆಲ್ಲಲಾಗಲಿಲ್ಲ. 2021ರ ಆರಂಭದಲ್ಲಿ ನೇರವಾಗಿ ಕೇಳಿದ, ನನ್ನನ್ನು ಬಿಟ್ಟುಬಿಡಿ ಅಂತ. ತಂಡವೂ ಒಪ್ಪಿತು. ಲಾಸ್ ಏಂಜಲೀಸ್‌ಗೆ ಹೋಗಿ ಮೊದಲ ವರ್ಷವೇ ಸೂಪರ್ ಬೌಲ್ ಗೆದ್ದ. ಇಲ್ಲಿ ಯಾರಿಗೂ ಹೊಟ್ಟೆಕಿಚ್ಚಾಗಲಿಲ್ಲ, ಮನೆಮಗಳು ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ ಅನ್ನುವ ಹಾಗೆ ಸಂತೋಷಪಟ್ಟರು. ಬಾಯಿಬಿಟ್ಟು ಕೇಳಿದರೆ, ಬಾಯಿಬಿಟ್ಟು ಹೇಳಿದರೆ ಎಷ್ಟೋ ಸುಲಭ.

ನ್ಯಾಶುವಾ ನಿವಾಸಿ

ಇಷ್ಟು ದಿನ ಬರೀ ಓದುತ್ತಿದ್ದೆ. 2021ರ ಅಕ್ಟೋಬರ್ 3ರ ರಾತ್ರಿ ನಾನು ಜಿಲೆಟ್ ಸ್ಟೇಡಿಯಂನಲ್ಲಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ. ಬ್ರೇಡಿ ಟ್ಯಾಂಪಾ ಅಂಗಿ ಹಾಕಿಕೊಂಡು ಬಂದ ರಾತ್ರಿ.

ನನ್ನ ಮುಂದಿನ ಸಾಲಿನಲ್ಲಿ ಅಪ್ಪ ಮಗ ಕೂತಿದ್ದರು. ಅಪ್ಪನ ಮೈಮೇಲೆ ಹಳೆಯ ನೀಲಿ 12, ತೊಳೆದು ತೊಳೆದು ಅಂಕಿ ಬಿರುಕು ಬಿಟ್ಟಿತ್ತು. ಬ್ರೇಡಿ ಅಭ್ಯಾಸಕ್ಕೆ ಓಡಿ ಬಂದಾಗ ಆತ ಎದ್ದು ನಿಂತು ಗಂಟಲು ಕಟ್ಟುವವರೆಗೂ ಕೂಗಿದ. ಪಂದ್ಯ ಶುರುವಾಗಿ ಬ್ರೇಡಿ ಕೈಗೆ ಚೆಂಡು ಬಂದಾಗ ಸುತ್ತಲೂ ಜನ ಊಳಿಟ್ಟರು, ಆತ ಕೂತುಬಿಟ್ಟ. ಚಪ್ಪಾಳೆಯೂ ಇಲ್ಲ, ಕೂಗೂ ಇಲ್ಲ. ಮಳೆ ಸುರಿಯುತ್ತಿತ್ತು. ಅದೇ ರಾತ್ರಿ ಬ್ರೇಡಿ ಡ್ರೂ ಬ್ರೀಸ್‌ನ ಒಟ್ಟು ಗಜಗಳ ದಾಖಲೆ ಮುರಿದ. ಕೊನೆಗೆ ಟ್ಯಾಂಪಾ 19-17. ಒಂದು ನಿಮಿಷವೂ ಉಳಿದಿರಲಿಲ್ಲ. ನಮ್ಮ ನಿಕ್ ಫೋಕ್ 56 ಗಜದಿಂದ ಒದ್ದ ಚೆಂಡು ಕಂಬಕ್ಕೆ ಬಡಿದು ಹೊರಗೆ ಬಿತ್ತು. ಮಗ ಅಳಲು ಶುರುಮಾಡಿದ. ಅಪ್ಪ ತನ್ನ ಟೋಪಿ ತೆಗೆದು ಅವನ ತಲೆಗೆ ಹಾಕಿದ.

ಮನೆಗೆ ಹೋಗುವಾಗ ಕಾರಿನ ರೇಡಿಯೋದಲ್ಲಿ ಕೇಳಿದೆವು. ಮೈದಾನದಲ್ಲಿ ಬೆಲಿಚಿಕ್, ಬ್ರೇಡಿ ಒಂದು ಕ್ಷಣ ತಬ್ಬಿಕೊಂಡು ದೂರ ಸರಿದಿದ್ದರು. ಆಮೇಲೆ ಬೆಲಿಚಿಕ್ ಅವರೇ ನಡೆದು ಟ್ಯಾಂಪಾದವರ ಕೋಣೆಗೆ ಹೋದರಂತೆ. ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಒಳಗಿದ್ದರಂತೆ.

ಪುತ್ತೂರು ಮಲ್ಲಿಗೆ

ಓದುತ್ತ ಕಣ್ಣು ತುಂಬಿತು ಸರ್. ಒಳಗೆ ಏನು ಮಾತಾಡಿದರು ಅಂತ ಯಾರಿಗಾದರೂ ಗೊತ್ತಾ?

ನ್ಯಾಶುವಾ ನಿವಾಸಿ

ಬ್ರೇಡಿ ಹೇಳಲಿಲ್ಲ ಮೇಡಂ. ಅದು ನಮ್ಮಿಬ್ಬರ ನಡುವಿನದು ಅಂದ. 2024ರ ಜೂನ್ 12ಕ್ಕೆ ಅವನ 12ನೇ ನಂಬರ್ ಅನ್ನು ಇಲ್ಲಿ ಇನ್ನು ಯಾರೂ ಹಾಕಿಕೊಳ್ಳುವಂತಿಲ್ಲ ಅಂತ ಮಾಲೀಕ ಕ್ರಾಫ್ಟ್ ಘೋಷಿಸಿದಾಗ ಬೆಲಿಚಿಕ್ ಕೂಡ ಬಂದಿದ್ದರು. ಅಷ್ಟರಲ್ಲಿ ಅವರೂ ತಂಡ ಬಿಟ್ಟು ಐದು ತಿಂಗಳಾಗಿತ್ತು.